ಅಕ್ರಿಲಿಕ್ ಡ್ರಮ್: ನೋಟಕ್ಕೆ ಬೆಳಕು, ನಾದಕ್ಕೆ ಅಂಚು

1973ರ ಜುಲೈ ತಿಂಗಳ ಕೊನೆಯ ದಿನಗಳು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ಲೆಡ್ ಝೆಪ್ಪೆಲಿನ್ ತಂಡದ ಕಾರ್ಯಕ್ರಮ ನಡೆದಿದೆ. ಗಿಟಾರ್ ನಿಂತಿದೆ, ಹಾಡುಗಾರ ಬದಿಗೆ ಸರಿದಿದ್ದಾರೆ. ವೇದಿಕೆಯಲ್ಲಿ ಈಗ ಜಾನ್ ಬಾನಮ್ ಮತ್ತು ಅವರ ಡ್ರಮ್ ಸೆಟ್ ಮಾತ್ರ. ದೀಪಗಳು ಹೊತ್ತಿಕೊಂಡಾಗ ಆ ಡ್ರಮ್‌ಗಳ ಮೈಯೊಳಗಿಂದಲೇ ಜೇನುಬಣ್ಣದ ಬೆಳಕು ಹಾಯುತ್ತದೆ. 26 ಇಂಚು ಅಗಲದ ಬೇಸ್ ಡ್ರಮ್‌ನ ಆಚೆ ಬದಿಯೂ ಮಸುಕಾಗಿ ಕಾಣಿಸುತ್ತದೆ. ಈ ಕಾರ್ಯಕ್ರಮಗಳನ್ನು ಆಧರಿಸಿದ ಚಲನಚಿತ್ರ 1976ರಲ್ಲಿ ತೆರೆಕಂಡಾಗ ಆ ಜೇನುಬಣ್ಣದ ಸೆಟ್ ಜಗತ್ತಿನ ಎಷ್ಟೋ ಡ್ರಮ್ಮರ್‌ಗಳ ಕನಸಾಗಿ ಕುಳಿತುಬಿಟ್ಟಿತು.

ಆ ಕನಸು ಇವತ್ತಿಗೂ ಮಾಸಿಲ್ಲ. ಅಂಗಡಿಯಲ್ಲಿ ಸಿದ್ಧ ಸೆಟ್ ಕೊಳ್ಳುವ ಬದಲು ತನ್ನ ಅಳತೆ, ತನ್ನ ಬಣ್ಣ, ತನ್ನ ಬೆಳಕಿನ ಪಾರದರ್ಶಕ ಡ್ರಮ್ ಸೆಟ್ಟನ್ನು ತಾನೇ ಕಟ್ಟಿಕೊಳ್ಳುವವರು ಹಲವು ದೇಶಗಳಲ್ಲಿದ್ದಾರೆ. ನೋಡಿದವರಿಗೆ ಇದು ಸುಲಭವೆನಿಸುತ್ತದೆ: ಪ್ಲಾಸ್ಟಿಕ್ ಹಾಳೆ ಸುತ್ತು, ಅಂಟಿಸು, ತೂತು ಕೊರೆದು ಬೋಲ್ಟ್ ಬಿಗಿ. ನಿಜಕ್ಕೂ ಇದು ಬಹಳ ತಾಳ್ಮೆ ಬೇಡುವ ಕಸುಬು. ಅಕ್ರಿಲಿಕ್ ತಪ್ಪನ್ನು ಮುಚ್ಚಿಡುವುದಿಲ್ಲ. ಎಷ್ಟೋ ಸಲ ಅದನ್ನು ತಿಂಗಳುಗಳ ನಂತರ ಬಿರುಕಾಗಿ ತೋರಿಸುತ್ತದೆ.

ವಿಮಾನದ ಕಿಟಕಿಯಿಂದ ವೇದಿಕೆಗೆ

ಅಕ್ರಿಲಿಕ್ ನಮಗೆ ಹೊಸದಲ್ಲ. ಅಂಗಡಿಯ ನಾಮಫಲಕ, ಕ್ರೀಡಾಕೂಟದ ಟ್ರೋಫಿ, ಕಾರಿನ ಹಿಂದಿನ ದೀಪದ ಕೆಂಪು ಮುಚ್ಚಳ, ದೊಡ್ಡ ಮೀನಿನ ತೊಟ್ಟಿ, ಎಲ್ಲೆಡೆ ಅದೇ ವಸ್ತು. ರಸಾಯನಶಾಸ್ತ್ರದಲ್ಲಿ ಅದರ ಹೆಸರು ಪಾಲಿ ಮೀಥೈಲ್ ಮೆಥಾಕ್ರಿಲೇಟ್. 1933ರಲ್ಲಿ ಜರ್ಮನಿಯ ರೋಮ್ ಮತ್ತು ಹಾಸ್ ಕಂಪನಿ ಅದನ್ನು ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ತಂದಿತು. ಬ್ರಿಟನ್ನಿನಲ್ಲಿ ಪರ್ಸ್‌ಪೆಕ್ಸ್ ಹೆಸರಿನಲ್ಲಿ ಬಂತು. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳ ಚಾಲಕರ ತಲೆಯ ಮೇಲಿನ ಪಾರದರ್ಶಕ ಮುಚ್ಚಿಗೆ ಇದರಿಂದಲೇ ಆಯಿತು. ಗಾಜಿಗಿಂತ ಅರ್ಧದಷ್ಟೇ ತೂಕ, ಬೆಳಕಿನ ಶೇ 92ರಷ್ಟನ್ನು ಹಾಯಗೊಡುವ ಗುಣ, ಬಿಸಿ ಮಾಡಿದರೆ ಬೇಕಾದಂತೆ ಬಾಗುವ ಸ್ವಭಾವ, ಈ ಮೂರೂ ಒಟ್ಟಿಗೆ ಇರುವ ವಸ್ತು ಅಪರೂಪ.

ಅದನ್ನು ಡ್ರಮ್ ಮಾಡಿದ ಮೊದಲಿಗರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಬಿಲ್ ಝಿಕೋಸ್ ಮುಖ್ಯರು. 'ಐರನ್ ಬಟರ್‌ಫ್ಲೈ' ತಂಡದ ರಾನ್ ಬುಷಿ, ಝಿಕೋಸ್ ಅವರ ಪಾರದರ್ಶಕ ಡ್ರಮ್‌ಗಳನ್ನು ನುಡಿಸಿ ಜನರ ಕಣ್ಣಿಗೆ ಬೀಳುವಂತೆ ಮಾಡಿದರು. ಫೈಬ್ಸ್ ಎಂಬ ಇನ್ನೊಂದು ಕಂಪನಿಯ ಪಾರದರ್ಶಕ ಸೆಟ್ ಮಹಾವಿಷ್ಣು ಆರ್ಕೆಸ್ಟ್ರಾದ ಬಿಲ್ಲಿ ಕಾಬಮ್ ಅವರ ಕೈ ಸೇರಿತು. ಆ ತಂಡವನ್ನು ಕಟ್ಟಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್ ಮತ್ತು ವಿಕ್ಕು ವಿನಾಯಕರಾಮ್ ಅವರೊಂದಿಗಿನ 'ಶಕ್ತಿ' ತಂಡದಿಂದ ನಮ್ಮ ಕೇಳುಗರಿಗೂ ಪರಿಚಿತರು. 1972ರಲ್ಲಿ ಲುಡ್ವಿಗ್ ಕಂಪನಿ 'ವಿಸ್ಟಾಲೈಟ್' ಸರಣಿಯನ್ನು ಹೊರತಂದಿತು. ಬಾನಮ್ ನುಡಿಸಿದ್ದು ಅದನ್ನೇ.

ಡ್ರಮ್‌ಗೆ ಪ್ಲಾಸ್ಟಿಕ್ ಬಂದದ್ದು ಮಾತ್ರ ಅದಕ್ಕೂ ಮೊದಲು. 1950ರ ದಶಕದ ಕೊನೆಯಲ್ಲಿ ಕರುವಿನ ಚರ್ಮದ ಮುಚ್ಚಿಗೆಯ ಜಾಗಕ್ಕೆ ಪಾಲಿಯೆಸ್ಟರ್ ಹಾಳೆ ಬಂತು. ಮಳೆಗಾಲದಲ್ಲಿ ಸಡಿಲವಾಗಿ, ಬಿಸಿಲಲ್ಲಿ ಬಿಗಿಯಾಗಿ ಶ್ರುತಿ ಕೆಡಿಸುತ್ತಿದ್ದ ಚರ್ಮದ ಕಾಟ ಅಲ್ಲಿಗೆ ಮುಗಿಯಿತು. ಮುಚ್ಚಿಗೆಯ ನಂತರ ಒಡಲಿನ ಸರದಿ ಬಂದದ್ದು ಸಹಜವೇ.

ನಾದ ಹುಟ್ಟುವುದೆಲ್ಲಿ?

ಮರದ ಒಡಲು ತೆಗೆದು ಪ್ಲಾಸ್ಟಿಕ್ ಇಟ್ಟರೆ ನಾದ ಕೆಡುವುದಿಲ್ಲವೇ? ಎಲ್ಲರೂ ಕೇಳುವ ಈ ಪ್ರಶ್ನೆಗೆ ಉತ್ತರ ಹುಡುಕಲು ಮುಚ್ಚಿಗೆಯಿಂದ ಶುರುಮಾಡಬೇಕು.

ಎಲ್ಲ ಕಡೆ ಒಂದೇ ದಪ್ಪವಿರುವ, ಸಮನಾಗಿ ಬಿಗಿದ ವೃತ್ತಾಕಾರದ ಮುಚ್ಚಿಗೆಯನ್ನು ಬಡಿದಾಗ ಮೂಲ ಸ್ವರದ ಜೊತೆಗೆ ಅದರ 1.59 ಪಟ್ಟು, 2.14 ಪಟ್ಟು ಹೀಗೆ ಹೊಂದಿಕೆಯಿಲ್ಲದ ಮೇಲಿನ ಸ್ವರಗಳು ಏಳುತ್ತವೆ. ತಂತಿವಾದ್ಯದಲ್ಲಾದರೆ ಅವು ಎರಡು ಪಟ್ಟು, ಮೂರು ಪಟ್ಟು ಎಂದು ಕ್ರಮವಾಗಿ ಬರುತ್ತವೆ. ಮೃದಂಗ, ತಬಲಾಗಳಲ್ಲಿ ಮಾತ್ರ ಚರ್ಮವಾದ್ಯವಾಗಿದ್ದೂ ಸ್ವರ ಅಷ್ಟು ಸ್ಪಷ್ಟವಾಗಿ ಹೇಗೆ ಕೇಳಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ ಬಿಡಿಸಿ ಹೇಳಿದರು. 1920ರಲ್ಲಿ ಕೋಲ್ಕತ್ತದಲ್ಲಿದ್ದಾಗ ಒಮ್ಮೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಅವರು ಈ ಕುರಿತು ಬರೆದರು. ಮುಚ್ಚಿಗೆಯ ನಡುವಿನ ಕಪ್ಪು ಲೇಪದ, ಅಂದರೆ ಕರಣೆಯ, ಭಾರವೇ ಆ ಮೇಲಿನ ಸ್ವರಗಳನ್ನು ಕ್ರಮಕ್ಕೆ ತರುತ್ತದೆ ಎಂಬುದು ಅವರು ಕಂಡ ಸತ್ಯ.

ಪಾಶ್ಚಾತ್ಯ ಡ್ರಮ್‌ಗೆ ಕರಣೆಯಿಲ್ಲ. ಅದರ ನಾದ ಚೊಕ್ಕವಾಗಿ ಬರಬೇಕಾದರೆ ಇರುವ ದಾರಿ ಒಂದೇ: ಮುಚ್ಚಿಗೆ ಸುತ್ತಲೂ ಒಂದೇ ಸಮ ಬಿಗಿಯಾಗಿರಬೇಕು. ಹಾಗೆ ಬಿಗಿಯಾಗಲು ಅದು ಕೂರುವ ಅಂಚು ಸಮತಟ್ಟಾಗಿರಬೇಕು, ಒಡಲು ದುಂಡಗಿರಬೇಕು. ಒಡಲು ಯಾವುದರಿಂದ ಆಗಿದೆ ಎಂಬುದು ಇದರ ನಂತರದ ಮಾತು.

ಹಾಗೆಂದು ಒಡಲಿಗೆ ಪಾತ್ರವೇ ಇಲ್ಲವೆಂದಲ್ಲ. ಅಕ್ರಿಲಿಕ್ ಮೇಪಲ್ ಮರಕ್ಕಿಂತ ಭಾರ. ಅದರ ಮೈಯೊಳಗೆ ಕಂಪನ ಬೇಗ ಅಡಗುತ್ತದೆ. ಇದರ ನಾದ ದೊಡ್ಡದು, ಏಟು ಮುಂದಕ್ಕೆ ಬಂದು ಕೇಳುತ್ತದೆ, ಅನುರಣನ ಕಡಿಮೆ ಎಂದು ನುಡಿಸುವವರು ಹೇಳುತ್ತಾರೆ. ತೆರೆದ ಮೈದಾನದ ವೇದಿಕೆಗೆ ಈ ಗುಣ ಒಪ್ಪುತ್ತದೆ. ಮರವೇ ಬೇಕೆಂಬ ನಂಬಿಕೆಯನ್ನು ನಮ್ಮಲ್ಲೂ ಪ್ರಶ್ನಿಸಿದವರಿದ್ದಾರೆ. ಹಲಸಿನ ಮರ, ಚರ್ಮ ಎರಡನ್ನೂ ಬಿಟ್ಟು ಫೈಬರ್‌ಗ್ಲಾಸ್ ಒಡಲು ಮತ್ತು ಕೃತಕ ಮುಚ್ಚಿಗೆಯ ಮೃದಂಗವನ್ನು ರೂಪಿಸಿದವರು ಬೆಂಗಳೂರಿನ ಎಂಜಿನಿಯರ್ ಕೆ. ವರದರಂಗನ್.

ಹಾಳೆಯ ಆಯ್ಕೆ, ಅಳತೆಯ ಲೆಕ್ಕ

ಅಕ್ರಿಲಿಕ್ ಹಾಳೆಯಲ್ಲಿ ಎರಡು ಬಗೆ. ದ್ರವವನ್ನು ಅಚ್ಚಿನಲ್ಲಿ ಸುರಿದು ಗಟ್ಟಿ ಮಾಡಿದ್ದು ಕಾಸ್ಟ್. ಯಂತ್ರದಿಂದ ಒತ್ತಿ ಎಳೆದದ್ದು ಎಕ್ಸ್‌ಟ್ರೂಡೆಡ್. ಎರಡನೆಯದು ಅಗ್ಗ. ಆದರೆ ಕೊರೆಯುವಾಗ ಬೇಗ ಕರಗಿ ಅಂಟುತ್ತದೆ, ಒಳಗೆ ಬಿಗಿತ ಹೆಚ್ಚು ಉಳಿಸಿಕೊಂಡಿರುತ್ತದೆ. ಡ್ರಮ್‌ಗೆ ಕಾಸ್ಟ್ ಹಾಳೆಯೇ ತಕ್ಕದ್ದು. ದಪ್ಪ ಸಾಮಾನ್ಯವಾಗಿ 6 ಮಿಲಿಮೀಟರ್.

ಮೊದಲ ತಪ್ಪು ನಡೆಯುವುದು ಅಳತೆಯಲ್ಲಿ. 14 ಇಂಚಿನ ಡ್ರಮ್ ಎಂದರೆ ಒಡಲಿನ ಹೊರವ್ಯಾಸ ಸರಿಯಾಗಿ 14 ಇಂಚು ಎಂದು ಭಾವಿಸಿದರೆ ಮುಚ್ಚಿಗೆ ಒಡಲಿಗೆ ಕಚ್ಚಿಕೊಂಡು ಶ್ರುತಿಗೆ ಬರುವುದೇ ಇಲ್ಲ. ಮುಚ್ಚಿಗೆ ಅಂಚಿನ ಮೇಲೆ ಸಲೀಸಾಗಿ ಜಾರಬೇಕು. ಅದಕ್ಕಾಗಿ ಒಡಲು ಸುಮಾರು 3 ಮಿಲಿಮೀಟರ್ ಚಿಕ್ಕದಿರಬೇಕು. 14 ಇಂಚೆಂದರೆ 355.6 ಮಿಲಿಮೀಟರ್, ಒಡಲಿನ ಹೊರವ್ಯಾಸ 352ರ ಸುತ್ತಮುತ್ತ ಬರಬೇಕು. ಹಾಳೆ ಬಾಗುವಾಗ ಹೊರಮೈ ಹಿಗ್ಗಿ ಒಳಮೈ ಕುಗ್ಗುವುದರಿಂದ ಲೆಕ್ಕ ಹಿಡಿಯಬೇಕಾದದ್ದು ದಪ್ಪದ ನಡುಗೆರೆಯನ್ನು. 352ರಿಂದ ಹಾಳೆಯ ದಪ್ಪವಾದ 6ನ್ನು ಕಳೆದರೆ 346, ಅದನ್ನು 3.1416ರಿಂದ ಗುಣಿಸಿದರೆ 1087 ಮಿಲಿಮೀಟರ್. 14 ಇಂಚಿನ ಸ್ನೇರ್ ಡ್ರಮ್‌ಗೆ ಬೇಕಾದ ಹಾಳೆಯ ಉದ್ದ ಅಷ್ಟು. ಇದೇ ಲೆಕ್ಕದಲ್ಲಿ 22 ಇಂಚಿನ ಬೇಸ್ ಡ್ರಮ್‌ಗೆ ಸುಮಾರು 1727 ಮಿಲಿಮೀಟರ್ ಬೇಕು. ಕಾಯಿಸಿದಾಗ ಹಾಳೆ ತುಸು ಕುಗ್ಗುತ್ತದೆ. ಆದ್ದರಿಂದ ದೊಡ್ಡದಾಗಿಯೇ ಕತ್ತರಿಸಿ, ಕಾಯಿಸಿ ಆರಿದ ಮೇಲೆ ನಿಖರ ಅಳತೆಗೆ ತರಬೇಕು.

22×18 ಬೇಸ್, 10 ಮತ್ತು 12 ಇಂಚಿನ ಎರಡು ಟಾಮ್, 16×16 ಫ್ಲೋರ್ ಟಾಮ್, 14×5.5 ಸ್ನೇರ್, ಹೀಗೆ ಐದು ಡ್ರಮ್‌ಗಳ ಸೆಟ್ಟಿಗೆ ಬೇಕಾಗುವುದು ಸುಮಾರು 1.8 ಚದರ ಮೀಟರ್ ಹಾಳೆ. ಜಾಣತನದಿಂದ ಗೆರೆ ಎಳೆದರೆ ಮಾರುಕಟ್ಟೆಯಲ್ಲಿ ಸಿಗುವ ಎಂಟಡಿ-ನಾಲ್ಕಡಿಯ ಒಂದೇ ಹಾಳೆಯಲ್ಲಿ ಐದೂ ಹೊರಡುತ್ತವೆ. 6 ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಹಾಳೆ 7 ಕಿಲೋ ತೂಗುತ್ತದೆ. ಲೋಹದ ಭಾಗಗಳನ್ನು ಬಿಟ್ಟು ಒಡಲುಗಳ ತೂಕವೇ ಹನ್ನೆರಡೂವರೆ ಕಿಲೋ. ಅಷ್ಟೇ ದಪ್ಪದ ಮೇಪಲ್ ಆಗಿದ್ದರೆ ಏಳೂವರೆ ಕಿಲೋದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಸೆಟ್ಟನ್ನು ಊರೂರಿಗೆ ಹೊರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಕಾಯಿಸು, ಬಾಗಿಸು, ಬೆಸೆ

ಅಕ್ರಿಲಿಕ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಣಗಿಸದೆ ನೇರವಾಗಿ ಕಾಯಿಸಿದರೆ ಆ ತೇವ ಒಳಗೇ ಗುಳ್ಳೆಯಾಗಿ ನಿಲ್ಲುತ್ತದೆ. ಪಾರದರ್ಶಕ ಮೈಯಲ್ಲಿ ಅದನ್ನು ಮರೆಮಾಚುವುದು ಅಸಾಧ್ಯ. ಮಂದ ಶಾಖದಲ್ಲಿ ಒಣಗಿಸಿ, ಆಮೇಲೆ ಒಲೆಯನ್ನು 150ರಿಂದ 160 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕು. ಆಗ ಹಾಳೆ ಹೆಂಚಿನಿಂದ ಎತ್ತಿದ ಅಕ್ಕಿರೊಟ್ಟಿಯಂತೆ ಬಾಗುತ್ತದೆ. ಅದನ್ನು ಕೈಗವಸು ತೊಟ್ಟು ಮೆದುಬಟ್ಟೆ ಸುತ್ತಿದ ದುಂಡನೆಯ ಅಚ್ಚಿಗೆ ಸುತ್ತಿ, ಕಟ್ಟಿ, ತಾನಾಗಿ ಆರಲು ಬಿಡಬೇಕು. ಅಚ್ಚಿನ ಮೇಲಿನ ಒಂದು ಮರಳಿನ ಕಣವೂ ಗುರುತು ಬಿಡುತ್ತದೆ. ಇಷ್ಟು ದೊಡ್ಡ ಒಲೆ ಎಲ್ಲರ ಬಳಿ ಇರುವುದಿಲ್ಲ. ಹಾಗಾಗಿ ಹೆಚ್ಚಿನವರು ಸಿದ್ಧ ಒಡಲನ್ನೇ ಕೊಂಡು ಮುಂದಿನ ಕೆಲಸ ಮಾಡುತ್ತಾರೆ. ಅದರಲ್ಲಿ ತಪ್ಪಿಲ್ಲ.

ಹಾಳೆಯ ಎರಡು ತುದಿಗಳನ್ನು ಸೇರಿಸುವುದು ಸಾಮಾನ್ಯ ಗೋಂದಲ್ಲ. ಡೈಕ್ಲೋರೊಮೀಥೇನ್‌ನಂಥ ದ್ರಾವಕವನ್ನು ಸಂದಿಗೆ ತಾಗಿಸಿದರೆ ಅದು ತಾನೇ ಒಳಗೆ ಹರಿದು ಎರಡೂ ತುದಿಗಳನ್ನು ಕರಗಿಸುತ್ತದೆ. ದ್ರಾವಕ ಆರಿದಾಗ ಎರಡೂ ತುದಿಗಳು ಒಂದೇ ವಸ್ತುವಾಗಿರುತ್ತವೆ. ನಮ್ಮ ನಾಮಫಲಕದ ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಕ್ಲೋರೋಫಾರ್ಮ್ ಬಳಸುವುದುಂಟು. ಎರಡೂ ಅಪಾಯಕಾರಿ ಆವಿ ಬಿಡುವ ರಾಸಾಯನಿಕಗಳು. ಅಮೆರಿಕ 2024ರಲ್ಲಿ ಡೈಕ್ಲೋರೊಮೀಥೇನ್‌ನ ಬಹುಪಾಲು ಬಳಕೆಗಳನ್ನು ನಿಷೇಧಿಸಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ಈ ಕೆಲಸ ಮಾಡಲೇಬಾರದು. ಡ್ರಮ್‌ನ ಬೆಸುಗೆ ಹೆಚ್ಚು ಎಳೆತ ತಡೆಯಬೇಕಾದ್ದರಿಂದ ಸಂದಿಯನ್ನು ತುಂಬಿ ಗಟ್ಟಿಯಾಗುವ ಎರಡು ಭಾಗದ ಅಕ್ರಿಲಿಕ್ ಸಿಮೆಂಟ್ ಇನ್ನೂ ಭದ್ರ.

ಇಲ್ಲಿ ಒಂದು ಎಚ್ಚರ. ಲೇಸರ್ ಯಂತ್ರದಲ್ಲಿ ಕತ್ತರಿಸಿದ ಅಂಚು ನೋಡಲು ಹೊಳೆಯುತ್ತದೆ, ಆದರೆ ಆ ಶಾಖ ಅಂಚಿನಲ್ಲಿ ಬಿಗಿತ ತುಂಬಿರುತ್ತದೆ. ದ್ರಾವಕ ತಾಗಿದೊಡನೆ ಅಲ್ಲಿ ಕೂದಲೆಳೆಯ ಬಿರುಕುಗಳು ಎದ್ದುಬಿಡುತ್ತವೆ. ಈ ಒಳಬಿಗಿತ ಇಳಿಸುವ ದಾರಿ ಅನೀಲಿಂಗ್: ಒಡಲನ್ನು ಸುಮಾರು 80 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಇಟ್ಟು, ಅಷ್ಟೇ ನಿಧಾನವಾಗಿ ತಣಿಸುವುದು. ಕತ್ತರಿಸಿ ಕೊರೆದಾದ ಮೇಲೆ, ದ್ರಾವಕ ಮುಟ್ಟಿಸುವ ಮೊದಲು ಇದು ಆಗಬೇಕು. ಕಣ್ಣಿಗೆ ಯಾವ ಬದಲಾವಣೆಯೂ ಕಾಣದ ಹಂತವಾದ್ದರಿಂದ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಬಿರುಕು ಬಂದಾಗ ಹಾಳೆಯನ್ನು ದೂರುತ್ತಾರೆ.

ಅಂಚೇ ಪ್ರಾಣ

ಇಡೀ ಕೆಲಸದ ತಿರುಳು ಇಲ್ಲಿದೆ. ಒಡಲಿನ ಮೇಲಂಚನ್ನು ರೌಟರ್ ಯಂತ್ರದಿಂದ ಒಳಮುಖವಾಗಿ 45 ಡಿಗ್ರಿ ಕೋನಕ್ಕೆ ಇಳಿಜಾರು ಮಾಡುತ್ತಾರೆ, ಹೊರಬದಿಯನ್ನು ತುಸು ದುಂಡಗೆ ಮಾಡುತ್ತಾರೆ. ಮುಚ್ಚಿಗೆ ತಾಗುವುದು ಇವೆರಡರ ನಡುವಿನ ಸಣ್ಣ ಏಣಿಗೆ ಮಾತ್ರ. ಏಣು ಚೂಪಾದಷ್ಟೂ ನಾದ ತೆರೆದು ಉದ್ದವಾಗಿ ಬರುತ್ತದೆ. ದುಂಡಗಾದಷ್ಟೂ ಮೆತ್ತಗೆ, ಚಿಕ್ಕದಾಗಿ ಕೇಳುತ್ತದೆ. ಮರವೋ ಅಕ್ರಿಲಿಕ್ಕೋ ಎಂಬ ವ್ಯತ್ಯಾಸಕ್ಕಿಂತ ಈ ವ್ಯತ್ಯಾಸ ಕಿವಿಗೆ ಹೆಚ್ಚು ಗೊತ್ತಾಗುತ್ತದೆ.

ರೌಟರ್‌ನ ಬಿಟ್ ಹೊಸದಾಗಿ ಹರಿತವಿರಬೇಕು. ಒಮ್ಮೆಗೇ ಆಳಕ್ಕೆ ಹೋಗದೆ ಪದರ ಪದರವಾಗಿ ತೆಗೆಯಬೇಕು. ಯಂತ್ರ ಒಂದೇ ಕಡೆ ನಿಂತರೆ ಅಕ್ರಿಲಿಕ್ ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ, ಎಳೆದರೆ ಚಕ್ಕೆ ಹಾರುತ್ತದೆ.

ಮರದ ಡ್ರಮ್ ಮಾಡುವವರು ಅಂಚು ಪರೀಕ್ಷಿಸಲು ಒಡಲನ್ನು ಗ್ರಾನೈಟ್ ಚಪ್ಪಡಿಯ ಮೇಲೆ ಬೋರಲು ಹಾಕಿ, ಒಳಗೆ ದೀಪವಿಟ್ಟು, ಬೆಳಕು ಎಲ್ಲಿ ನುಸುಳುತ್ತದೆ ನೋಡುತ್ತಾರೆ. ಮೈಯೇ ಬೆಳಕು ಬಿಡುವ ಅಕ್ರಿಲಿಕ್‌ಗೆ ಈ ಪರೀಕ್ಷೆ ನಡೆಯದು. ಇಲ್ಲಿ ತೆಳು ಕಾಗದದ ಪಟ್ಟಿಯನ್ನೋ ಗ್ಯಾರೇಜಿನವರು ಬಳಸುವ ಫೀಲರ್ ಗೇಜನ್ನೋ ಅಂಚಿನಡಿ ಸುತ್ತಲೂ ತೂರಿಸಿ ನೋಡಬೇಕು. ಎಲ್ಲೂ ಒಳಹೋಗದಿದ್ದರೆ ಅಂಚು ಸಮ. ಹೋದರೆ ಚಪ್ಪಡಿಯ ಮೇಲೆ ಸ್ಯಾಂಡ್‌ಪೇಪರ್ ಹರಡಿ ಒಡಲನ್ನು ಅದರ ಮೇಲೆ ಉಜ್ಜಿ ಸಮ ಮಾಡಿ, ಅಂಚನ್ನು ಮತ್ತೆ ಕಡೆಯಬೇಕು.

ಕೊನೆಯ ಹೊಳಪಿಗೆ ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರನ್ನು ಒರಟಿನಿಂದ ನಯಕ್ಕೆ ಹಂತಹಂತವಾಗಿ ಬದಲಿಸುತ್ತ ಹೋಗಿ, ಮೆದುಬಟ್ಟೆಯಿಂದ ಪಾಲಿಶ್ ಮಾಡಬೇಕು. ಬೆಂಕಿಯ ಜ್ವಾಲೆ ಹಾಯಿಸಿದರೆ ಕ್ಷಣದಲ್ಲಿ ಹೊಳಪು ಬರುತ್ತದೆ ನಿಜ. ಅದರ ಜೊತೆಗೆ ಮುಂದಿನ ಬಿರುಕಿಗೆ ಬೇಕಾದ ಬಿಗಿತವೂ ಒಳಸೇರುತ್ತದೆ.

ತೂತು ಕೊರೆಯುವ ತಾಳ್ಮೆ

ಮುಚ್ಚಿಗೆಯನ್ನು ಎಳೆದು ಹಿಡಿಯುವ ಬೋಲ್ಟುಗಳು ಒಡಲಿಗೆ ಕೂರಿಸಿದ ಲಗ್‌ಗಳಲ್ಲಿ ತಿರುಗುತ್ತವೆ. 10, 12 ಇಂಚಿನ ಟಾಮ್‌ಗೆ ಸಾಮಾನ್ಯವಾಗಿ ಆರು, 16 ಇಂಚಿನ ಫ್ಲೋರ್ ಟಾಮ್‌ಗೆ ಎಂಟು, ಸ್ನೇರ್‌ಗೆ ಎಂಟು ಅಥವಾ ಹತ್ತು. ಒಡಲಿನ ಸುತ್ತಳತೆಯಷ್ಟು ಉದ್ದದ ಕಾಗದದ ಪಟ್ಟಿಯನ್ನು ಸಮಭಾಗವಾಗಿ ಮಡಿಸಿ ಸುತ್ತಿದರೆ ಲಗ್‌ಗಳ ಜಾಗ ಕರಾರುವಾಕ್ಕಾಗಿ ಸಿಗುತ್ತದೆ. ಹಾಳೆಯ ಮೇಲೆ ರಕ್ಷಣೆಗೆ ಅಂಟಿಸಿರುವ ಪೊರೆಯನ್ನು ಕಾಯಿಸುವಾಗ ತೆಗೆದಿದ್ದರೆ, ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಬೇಕು.

ಲೋಹ ಕೊರೆಯುವ ಮಾಮೂಲಿ ಬಿಟ್ ಅಕ್ರಿಲಿಕ್ಕನ್ನು ಕಚ್ಚಿ ಸೀಳುತ್ತದೆ. ಪ್ಲಾಸ್ಟಿಕ್ಕಿಗೆಂದೇ ತುದಿ ಅರೆದ ಬಿಟ್, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಬಿಟ್ ಬೇಕು. ಹಿಂದೆ ಮರದ ಆಸರೆ ಕೊಟ್ಟು, ನಿಧಾನ ವೇಗದಲ್ಲಿ, ಸಾಬೂನು ನೀರು ಹನಿಸುತ್ತ ಕೊರೆಯಬೇಕು.

ತೂತು ಬೋಲ್ಟಿಗಿಂತ ತುಸು ದೊಡ್ಡದಿರಲೇಬೇಕು. ಬಿಸಿಲಿಗೆ ಅಕ್ರಿಲಿಕ್ ಉಕ್ಕಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಇಪ್ಪತ್ತು ಡಿಗ್ರಿಯ ಏರಿಕೆಗೆ 22 ಇಂಚಿನ ಬೇಸ್ ಡ್ರಮ್‌ನ ವ್ಯಾಸ ಸುಮಾರು 0.8 ಮಿಲಿಮೀಟರ್ ಬೆಳೆಯುತ್ತದೆ. ತೂತು ಇಕ್ಕಟ್ಟಾಗಿದ್ದರೆ ಆ ಹಿಗ್ಗುವಿಕೆಗೆ ಜಾಗವಿಲ್ಲದೆ ಬಿರುಕು ಬೋಲ್ಟಿನ ಬುಡದಿಂದಲೇ ಶುರುವಾಗುತ್ತದೆ. 1970ರ ದಶಕದ ಹಳೆಯ ಸೆಟ್‌ಗಳನ್ನು ಕೊಳ್ಳುವವರು ಮೊದಲು ತಡಕುವುದು ಲಗ್‌ಗಳ ಸುತ್ತಮುತ್ತ ಮತ್ತು ಬೆಸುಗೆಯ ಗೆರೆಯ ಮೇಲೆ. ಲಗ್‌ನ ಕೆಳಗೆ ರಬ್ಬರ್ ವಾಷರ್ ಇಡಬೇಕು, ಕೈಯಳತೆಯ ಬಿಗಿ ಸಾಕು. ಬೋಲ್ಟ್ ಸಡಿಲವಾಗದಿರಲೆಂದು ಹಾಕುವ ದ್ರವ ಅಂಟು ಅಕ್ರಿಲಿಕ್ಕನ್ನು ತಿನ್ನುತ್ತದೆ. ಅದನ್ನು ಹತ್ತಿರ ತರಬಾರದು.

ಸ್ನೇರ್‌ಗೆ ಇನ್ನೊಂದು ಕೆಲಸವಿದೆ. ಅದರ ಕೆಳಮುಚ್ಚಿಗೆಯ ಮೇಲೆ ಹಾಯುವ ತಂತಿಗಳು ಒತ್ತಿಕೊಂಡು ಕೂರಲು ಕೆಳಂಚಿನ ಎದುರುಬದುರು ಎರಡು ಕಡೆ ಒಂದೆರಡು ಮಿಲಿಮೀಟರ್ ಆಳದ ಅಗಲವಾದ ತಗ್ಗು ಮಾಡಬೇಕು. ಅದು ಹೆಚ್ಚಾದರೆ ಮುಚ್ಚಿಗೆ ಸುಕ್ಕುಗಟ್ಟುತ್ತದೆ, ಕಡಿಮೆಯಾದರೆ ತಂತಿ ಸದಾ ಗಿಜಿಗುಡುತ್ತದೆ.

ಬೆಳಕಿನ ಜೋಡಣೆ

ಒಡಲೊಳಗೆ ದೀಪವಿಡುವ ಯೋಚನೆಯೂ ಹಳೆಯದೇ. 1970ರ ದಶಕದಲ್ಲೇ ಲುಡ್ವಿಗ್ ಪುಟ್ಟ ಬಲ್ಬುಗಳ ಸಾಲು ಜೋಡಿಸಿದ 'ಟಿವೊಲಿ' ಡ್ರಮ್‌ಗಳನ್ನು ಮಾರುತ್ತಿತ್ತು. ಈಗ 12 ವೋಲ್ಟ್‌ನ ಎಲ್‌ಇಡಿ ಪಟ್ಟಿ ಆ ಕೆಲಸವನ್ನು ಸರಳಗೊಳಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇದಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ. ಗಾಳಿಯಾಡಲು ಬಿಡುವ ತೂತಿನಿಂದಲೇ ತಂತಿ ಹೊರತರಬಹುದು.

ಒಳಗಿನ ಬೆಳಕಿನ ಒಂದು ಪಾಲು ಅಕ್ರಿಲಿಕ್‌ನ ಮೈಯೊಳಗೇ ಪ್ರತಿಫಲಿಸುತ್ತ ಸಾಗಿ ಅಂಚಿನಲ್ಲಿ ಹೊರಬೀಳುತ್ತದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸಾಗುವುದೂ ಇದೇ ನಿಯಮದಿಂದ. ಅಂಚು ಚೆನ್ನಾಗಿದ್ದರೆ ಹೊಳಪೂ ಚೆನ್ನಾಗಿರುತ್ತದೆ. ಏಟು ಬಿದ್ದಾಗಲೆಲ್ಲ ದೀಪ ಮಿನುಗಬೇಕೆಂದರೆ ಒತ್ತಡವನ್ನು ವಿದ್ಯುತ್ತಾಗಿ ಬದಲಿಸುವ ಪೀಜೋ ಬಿಲ್ಲೆಯೊಂದನ್ನು ಜೋಡಿಸಿದರಾಯಿತು.

ಉಳಿಸಿಕೊಳ್ಳುವ ಬಗೆ

ಗಾಜು ಒರೆಸುವ ಅಮೋನಿಯಾ ದ್ರಾವಣ, ಸ್ಪಿರಿಟ್, ಥಿನ್ನರ್ ಇವು ಅಕ್ರಿಲಿಕ್‌ನ ಶತ್ರುಗಳು. ತಿಳಿಯಾದ ಸಾಬೂನು ನೀರು, ಮೆತ್ತನೆಯ ಹತ್ತಿಬಟ್ಟೆ ಇಷ್ಟೇ ಸಾಕು. ಒಣ ಬಟ್ಟೆಯಿಂದ ದೂಳು ಒರೆಸಿದರೆ ಗೀರು ಖಚಿತ. ಬೇಸಿಗೆಯಲ್ಲಿ ಮುಚ್ಚಿದ ವಾಹನದೊಳಗೆ ಸೆಟ್ ಬಿಟ್ಟುಹೋಗಬಾರದು.

ಅಕ್ರಿಲಿಕ್‌ಗೆ ಒಂದು ದೊಡ್ಡ ಅನುಕೂಲವೂ ಇದೆ. ಮಳೆಗಾಲದ ತೇವಕ್ಕೆ ಮರದಂತೆ ಉಬ್ಬಿ ಸೊಟ್ಟಗಾಗುವುದಿಲ್ಲ. ಗೆದ್ದಲು ಹಿಡಿಯುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ವಾದ್ಯ ಇಟ್ಟುಕೊಂಡವರಿಗೆ ಈ ಮಾತಿನ ಬೆಲೆ ಗೊತ್ತು.

ಎರಡು ಕಸುಬು ಕೂಡಿದರೆ

ಹಾಗಾದರೆ ಅಕ್ರಿಲಿಕ್ ಡ್ರಮ್ ಬರೀ ತೋರಿಕೆಯೇ? ಅಲ್ಲ. ಅಂಚು ಸಮವಿದ್ದು, ಒಳಬಿಗಿತ ಇಳಿಸಿ, ಬೋಲ್ಟಿಗೆ ಉಸಿರಾಡಲು ಜಾಗ ಬಿಟ್ಟು ಕಟ್ಟಿದ ಅಕ್ರಿಲಿಕ್ ಸೆಟ್ ಯಾವ ಮರದ ಸೆಟ್ಟಿನ ಎದುರೂ ತಲೆ ತಗ್ಗಿಸಬೇಕಿಲ್ಲ. ಅಂಚು ಕೆಟ್ಟರೆ ಒಳಗೆ ಎಷ್ಟು ದೀಪವಿಟ್ಟರೂ ಅದು ವಾದ್ಯವಾಗುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಕೈಗಳು ನಮ್ಮ ಊರುಗಳಲ್ಲೇ ಇವೆ. ಅಕ್ರಿಲಿಕ್ಕನ್ನು ಕತ್ತರಿಸಿ ಬಾಗಿಸಿ ಬೆಸೆಯುವುದು ನಾಮಫಲಕದ ಅಂಗಡಿಯವರಿಗೆ ದಿನನಿತ್ಯದ ಕೆಲಸ. ಮುಚ್ಚಿಗೆ ಅಂಚಿನ ಮೇಲೆ ಹೇಗೆ ಕೂರಬೇಕು, ಸುತ್ತಲೂ ಬಿಗಿ ಹೇಗೆ ಸಮವಾಗಬೇಕು ಎಂಬುದು ತಬಲಾ, ಮೃದಂಗ, ಮದ್ದಳೆ ಕಟ್ಟುವವರಿಗೆ ತಲೆಮಾರುಗಳಿಂದ ಗೊತ್ತು. ಡ್ರಮ್ ಕಟ್ಟಬೇಕೆಂಬ ಆಸೆ ಇರುವವರು ಇಬ್ಬರ ಬಾಗಿಲನ್ನೂ ತಟ್ಟಲಿ. ಮೊದಲ ದಿನವೇ ಐದು ಡ್ರಮ್‌ಗಳಿಗೆ ಹಾಳೆ ಕತ್ತರಿಸಬೇಡಿ. ಆರು ಲಗ್‌ಗಳ ಒಂದು 12 ಇಂಚಿನ ಟಾಮ್ ಮಾಡಿ, ಅನೀಲಿಂಗ್ ಹಂತವನ್ನು ತಪ್ಪಿಸದೆ ಮುಗಿಸಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ನುಡಿಸಿ ನೋಡಿ. ಅದರಲ್ಲಿ ಬಿರುಕು ಬರದಿದ್ದರೆ ಉಳಿದ ನಾಲ್ಕಕ್ಕೆ ಧೈರ್ಯವಾಗಿ ಕೈಹಾಕಿ.